ಡೆಲ್ಫೀನ್ ಕುಣಿಯದೆ ನಿಂತಳು

“ಏಯ್, ನಿಂತ್ಬಿಟ್ಯಲ್ಲ! ಕುಣಿಯೇ!”

ಹಿಂದಿನಿಂದ ಬ್ರೋಡಿ ಬಂದು ಡಿಕ್ಕಿ ಹೊಡೆದ. ಅವನ ಹಿಂದೆ ಇನ್ನಿಬ್ಬರು ಮುಗ್ಗರಿಸಿದರು. ಡೆಲ್ಫೀನ್ ಕದಲಲಿಲ್ಲ. ಯಾರದೋ ತಲೆಯಿಂದ ಒಂದು ಗರಿ ಜಾರಿ ಅವಳ ಕಾಲ ಬಳಿ ಬಿದ್ದಿತ್ತು.

ಶುಕ್ರವಾರ ಶಾಲೆಯಲ್ಲಿ ಹಳೆಯ ರಾಕ್ ಅಂಡ್ ರೋಲ್ ಹಾಡುಗಳ ಹಬ್ಬ; ಈಗ ಅದರ ತಾಲೀಮು ನಡೆದಿತ್ತು. ಐದನೇ ತರಗತಿಗೆ ಸಿಕ್ಕ ಹಾಡಿನಲ್ಲಿ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಪೆದ್ದ ನಾಯಕನೊಬ್ಬ ಕೊಡಲಿ ಹಿಡಿದು ಕುಣಿಯುತ್ತಾನೆ, ಮಾತು ಬಾರದವನಂತೆ ತೊದಲುತ್ತಾನೆ. ಆಗ ಮಕ್ಕಳೆಲ್ಲ ಬಾಯಿ ತಟ್ಟಿಕೊಂಡು ‘ವೂ ವೂ’ ಎನ್ನಬೇಕು. ತಲೆಗೆ ಕಾಗದದ ಗರಿ.

ಡೆಲ್ಫೀನ್ ಕೂಡ ಆ ಮೂಲನಿವಾಸಿಗಳಲ್ಲಿ ಒಬ್ಬಳು, ಲಕೋಟಾ ಬುಡಕಟ್ಟಿನ ಹುಡುಗಿ. ಅವರ ಕುಣಿತದಲ್ಲಿ ಹದ್ದಿನ ಗರಿ ನೆಲಕ್ಕೆ ಬಿದ್ದರೆ ನಗಾರಿ ನಿಲ್ಲುತ್ತದೆ. ಯುದ್ಧಕ್ಕೆ ಹೋಗಿ ಬಂದ ಹಿರಿಯರು ಪ್ರಾರ್ಥನೆ ಮಾಡಿ ಅದನ್ನು ಎತ್ತುವವರೆಗೆ ಯಾರೂ ಹೆಜ್ಜೆ ಇಡುವುದಿಲ್ಲ. ಅವಳ ಕಾಲು ತಾನಾಗಿಯೇ ನಿಂತಿತ್ತು.

“ಗರಿ ಬಿತ್ತು ಮಿಸ್.”

“ಕಾಗದದ್ದು ಕಣೇ, ಪೆದ್ದೀ!” ಬ್ರೋಡಿ ಅದನ್ನು ತುಳಿದುಕೊಂಡೇ ಹೋದ. ಎಲ್ಲರೂ ನಕ್ಕರು.

ಹಾಗನ್ ಮಿಸ್ ನಗಲಿಲ್ಲ. “ಅಳಬೇಡ ಪುಟ್ಟಾ, ಬೇರೆ ಅಂಟಿಸಿ ಕೊಡ್ತೀನಿ,” ಎಂದು ಅಕ್ಕರೆಯಿಂದ ಬೆನ್ನು ಸವರಿದರು. ಅವಳು ಯಾಕೆ ನಿಂತಳೆಂದು ಅವರಿಗೆ ತಿಳಿಯಲೇ ಇಲ್ಲ.

ಮನೆಯಲ್ಲಿ ತಾತ ಸೂಪಿಗೆ ಆಲೂಗಡ್ಡೆ ತೊಳೆಯುತ್ತಿದ್ದರು. ಡೆಲ್ಫೀನ್ ಹಾಡಿನ ಮೊದಲ ಸಾಲು ಗುನುಗಿದಳು. ತಾತನ ಕೈ ನಿಂತಿತು.

“ಅಯ್ಯೋ, ಅದಾ! ಹುಡುಗನಾಗಿದ್ದಾಗ ಬ್ಯಾಂಡಲ್ಲಿ ಗಿಟಾರ್ ಬಾರಿಸ್ತಿದ್ನಲ್ಲ, ಪ್ರತಿ ಶನಿವಾರ ಅದೇ ಬೇಕು ಅನ್ನೋರು. ನನ್ನ ತಲೆಗೆ ಟರ್ಕಿ ಕೋಳಿ ಗರಿ ಸಿಕ್ಕಿಸಿ ಮುಂದೆ ನಿಲ್ಲಿಸೋರು.”

“ನೀವ್ಯಾಕೆ ಸುಮ್ನಿದ್ರಿ ತಾತ?”

“ರಾಗ ಚೆನ್ನಾಗಿತ್ತು ಮಗಳೇ. ಸುಳ್ಳು ಯಾಕೆ ಹೇಳ್ಲಿ, ಈಗ್ಲೂ ಚೆನ್ನಾಗಿದೆ. ಆ ತೊದಲು ಮಾತು ಬರೋವಾಗ ಗಿಟಾರ್ ಜೋರು ಮಾಡ್ತಿದ್ದೆ, ಕೇಳಿಸ್ಬಾರ್ದು ಅಂತ.” ತಾತ ನಗಲು ನೋಡಿದರು. “ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ.”

ಡೆಲ್ಫೀನ್ ಅವರನ್ನೇ ನೋಡಿದಳು. ಬ್ಯಾಂಡ್ ಬಿಟ್ಟ ಮೇಲೆ ಯುದ್ಧಕ್ಕೆ ಹೋಗಿ ಭುಜಕ್ಕೆ ಗುಂಡು ತಿಂದು ಬಂದ ತಾತ. ಬಿದ್ದ ಗರಿ ಎತ್ತಲು ಊರೆಲ್ಲ ಕರೆಯುವ ತಾತ. ಅವರಿಗೂ ಹೆದರಿಕೆ ಆಗಿತ್ತೇ?

“ನಾಳೆ ಮಿಸ್‌ಗೆ ಹೇಳ್ಬಿಡ್ತೀನಿ, ಆ ಹಾಡಿಗೆ ನಾನು ಕುಣಿಯಲ್ಲ ಅಂತ.”

“ಹೇಳ್ತೀಯಾ?”

“ಹೂಂ.”

ತಾತ ಟವೆಲ್ ತೆಗೆದುಕೊಂಡು ಕೈ ಒರೆಸಿಕೊಂಡರು. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

“ನಾನೂ ಬರ್ಲಾ?”

ಬೇಡ, ನಾನೊಬ್ಬಳೇ ಹೇಳ್ತೀನಿ ಎನ್ನಲು ಹೊರಟವಳು ಅವರ ಮುಖ ನೋಡಿ ತಡೆದಳು. ಇಷ್ಟು ದೊಡ್ಡವರು ತನ್ನಂಥ ಚಿಕ್ಕವಳ ಉತ್ತರಕ್ಕೆ ಕಾಯುತ್ತಿದ್ದರು.

“ಬನ್ನಿ ತಾತ,” ಎಂದಳು ಡೆಲ್ಫೀನ್. “ಮೊದಲು ನೀವು ಮಿಸ್‌ಗೆ ಬೇಡ ಅಂತ ಹೇಳಿ. ಆಮೇಲೆ ನಾನು.”