ಶಿವಗಂಗವ್ವನವರ ಹಸ್ತಪಟ್ಟಿ

ಶಿವಗಂಗವ್ವನವರು ತೀರಿಕೊಂಡ ಸುದ್ದಿ ಆಸ್ಪತ್ರೆಗೆ ಬಂದಾಗ ಅವರ ಕೈಗಳು ಗಿರಿಜೆಯ ಸೊಂಟವನ್ನು ಒತ್ತುತ್ತಿದ್ದವು.

ಅದು ಗದಗಿನ ಒಂದು ಹೆರಿಗೆ ಆಸ್ಪತ್ರೆಯ ಅಭ್ಯಾಸದ ಕೋಣೆ. ಎಂಟು ತಿಂಗಳು ತುಂಬಿದ ಗಿರಿಜೆ ಗೋಡೆಗೆ ಎರಡೂ ಕೈ ಆನಿಸಿ ನಿಂತಿದ್ದಳು. ಅವಳ ನಡುವಿಗೆ ಅಂಗೈಯಗಲದ ಬೂದುಬಣ್ಣದ ಪಟ್ಟಿಯೊಂದನ್ನು ಕಟ್ಟಿದ್ದರು. ಅವಳು ಉಸಿರನ್ನು ನಿಧಾನವಾಗಿ ಬಿಟ್ಟಂತೆಲ್ಲ ಪಟ್ಟಿ ಅವಳ ಬೆನ್ನಿನ ಬುಡವನ್ನು ಒತ್ತುತ್ತಿತ್ತು. ಬಲಗಡೆ ಬಿಗಿಯಾಗಿ, ಎಡಗಡೆ ಸ್ವಲ್ಪ ಹಗುರವಾಗಿ. ಶಿವಗಂಗವ್ವನವರ ಎಡಗೈ ಹೆಬ್ಬೆರಳು ಹಿಂದೆಂದೋ ಬಾಗಿಲ ಸಂದಿಗೆ ಸಿಕ್ಕು ಸೊಟ್ಟಗಾಗಿತ್ತು. ಪಟ್ಟಿ ಅದನ್ನೂ ಕಲಿತಿತ್ತು.

ಫೋನಿನಲ್ಲಿ ಮಾತು ಕೇಳಿಸಿಕೊಂಡ ಸಂಶೋಧಕಿ ವಾರಿಜಾ ಗಲಗಲಿಯವರು ಬಂದು ಪಟ್ಟಿಯ ಕೊಕ್ಕೆ ಬಿಚ್ಚಿದರು. ಬಿಚ್ಚಿದ ಮೇಲೂ ಅದು ಅವರ ಕೈಯಲ್ಲಿ ಒಂದೆರಡು ಸಲ ಕುಗ್ಗಿ ಹಿಗ್ಗಿ, ಆಮೇಲೆ ಸುಮ್ಮನಾಯಿತು. ಊಟ ಮಾಡಿ ಅಡ್ಡಾದವರು ಏಳಲಿಲ್ಲವಂತೆ ಎಂದು ಅವರು ಹೇಳಿದಾಗ ಗಿರಿಜೆ ತನ್ನ ಸೊಂಟವನ್ನು ಮುಟ್ಟಿ ನೋಡಿಕೊಂಡಳು. ಅಲ್ಲಿ ಇನ್ನೂ ಬೆಚ್ಚಗಿತ್ತು.

ಆ ಕಾಲದಲ್ಲಿ ಹೆರಿಗೆಯ ನೋವು ಎಂಬುದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ನಿದ್ರಾಪ್ರಸವ ಎಂಬ ವಿಧಾನ ಬಂದು ಒಂದು ತಲೆಮಾರು ಕಳೆದಿತ್ತು. ನೋವು ಕಾಣಿಸಿಕೊಂಡ ಕೂಡಲೇ ತಾಯಿಗೆ ಔಷಧ ಕೊಡುತ್ತಿದ್ದರು. ಅವಳು ನಿದ್ದೆಹೋಗುತ್ತಿದ್ದಳು, ದೇಹ ತನ್ನ ಕೆಲಸ ತಾನು ಮಾಡುತ್ತಿತ್ತು, ಎಚ್ಚರವಾದಾಗ ಮಗು ಮಿಂದು ಬಟ್ಟೆ ಸುತ್ತಿಕೊಂಡು ಯಾರದೋ ತೋಳಿನಲ್ಲಿರುತ್ತಿತ್ತು. ಇದರಿಂದ ಅನೇಕರಿಗೆ ಒಳ್ಳೆಯದೇ ಆಗಿತ್ತು. ಎಚ್ಚರವಿದ್ದೇ, ಔಷಧವಿಲ್ಲದೆ ಹೆರುತ್ತೇನೆ ಎನ್ನುವವರಿಗೂ ಆಸ್ಪತ್ರೆ ಇಲ್ಲವೆನ್ನುತ್ತಿರಲಿಲ್ಲ. ಆದರೆ ಅಂಥವರ ಪಕ್ಕದಲ್ಲಿ ಕಲಿತ ಹೆರಿಗೆ ಸಂಗಾತಿಯೊಬ್ಬಳು ಇರಲೇಬೇಕೆಂಬ ನಿಯಮವಿತ್ತು. ಹೆರಿಗೆ ಸಂಗಾತಿ ಸೂಲಗಿತ್ತಿಯಲ್ಲ, ದಾದಿಯೂ ಅಲ್ಲ. ಮಗುವನ್ನು ಹಿಡಿಯುವುದು ಅವಳ ಕೆಲಸವಲ್ಲ. ತಾಯಿಯನ್ನು ಹಿಡಿದುಕೊಳ್ಳುವುದು ಅವಳ ಕೆಲಸ. ನಡೆಸುವುದು, ಕೂರಿಸುವುದು, ಬೆನ್ನೊತ್ತುವುದು, ಹೆದರಿದಾಗ ಹೆಸರು ಹಿಡಿದು ಕರೆಯುವುದು. ಕೇಳುವವರು ಕಡಿಮೆಯಾಗಿ ಆ ಕೆಲಸದವರೂ ಕಡಿಮೆಯಾದರು. ಆ ಭಾಗಕ್ಕೆಲ್ಲ ಉಳಿದವರು ಶಿವಗಂಗವ್ವನವರೊಬ್ಬರೇ.

ಅವರಿಗೂ ವಯಸ್ಸಾಗುತ್ತಿತ್ತು. ಆದ್ದರಿಂದಲೇ ವಾರಿಜಾ ಈ ಹಸ್ತಪಟ್ಟಿಯನ್ನು ಮಾಡಿದ್ದರು. ಅದರ ಎಳೆಗಳಿಗೆ ಸ್ಮೃತಿತಂತು ಎಂದು ಹೆಸರು. ಸ್ನಾಯುವಿನಂತೆ ಕುಗ್ಗಿ ಹಿಗ್ಗುವ ಈ ಎಳೆಯನ್ನು ಬೆಟಗೇರಿಯ ಮಗ್ಗದಲ್ಲಿ ನೇಯಿಸಿದ್ದರು. ಬಸುರಿಯ ನಡುವಿಗೆ ಪಟ್ಟಿ ಕಟ್ಟಿ ಅದರ ಮೇಲೆ ಶಿವಗಂಗವ್ವನವರು ಎಂದಿನಂತೆ ಒತ್ತುತ್ತ ಬಂದರು. ಯಾವ ಉಸಿರಿಗೆ ಎಲ್ಲಿ, ಎಷ್ಟು ಎಂಬುದನ್ನು ಎಳೆಗಳು ಬಹಳ ದಿನ ಕಲಿತವು. ಕಲಿತ ಮೇಲೆ ಕೈಯಿಲ್ಲದೆಯೂ ಪಟ್ಟಿ ಒತ್ತತೊಡಗಿತು. ಗಿರಿಜೆಯ ಹೆರಿಗೆಗೆ ಶಿವಗಂಗವ್ವನವರೇ ಬರುವುದೆಂದೂ, ಅವರು ದಣಿದಾಗ ಪಟ್ಟಿ ಕಟ್ಟುವುದೆಂದೂ ಮಾತಾಗಿತ್ತು. ಕೋಣೆಯ ದೀಪ ಹೇಗಿರಬೇಕು, ಯಾವಾಗ ಓಡಾಡಬೇಕು, ಮಗುವಿಗೆ ತೊಂದರೆಯೆಂದು ಡಾಕ್ಟರು ಹೇಳಿದರೆ ಮರುಮಾತಿಲ್ಲದೆ ಒಪ್ಪಬೇಕು ಎಂಬುದೆಲ್ಲವನ್ನೂ ಗಿರಿಜೆಯೂ ಶಿವಗಂಗವ್ವನವರೂ ಕೂತು ಗೊತ್ತುಮಾಡಿದ್ದರು.

ಈಗ ಸಂಗಾತಿ ಇಲ್ಲ. ಮನೆಯವರೊಬ್ಬರು ಜೊತೆಗಿದ್ದು, ಪಟ್ಟಿಯೂ ಇದ್ದರೆ ಅದನ್ನೇ ಸಂಗಾತಿಯೆಂದು ಒಪ್ಪಬಹುದು ಎಂದು ಆಸ್ಪತ್ರೆಯ ಮುಖ್ಯಸ್ಥರು ಬಹಳ ಯೋಚಿಸಿ ಹೇಳಿದರು. ಆದರೆ ಪಟ್ಟಿ ಆಸ್ಪತ್ರೆಯದಲ್ಲ. ಕೈ ಯಾರದೋ, ಸ್ಪರ್ಶವೂ ಅವರದೇ ಎಂದು ಮೊದಲೇ ಕರಾರಾಗಿತ್ತು. ಮಣ್ಣು ಮಾಡಿದ ಮೂರನೆಯ ದಿನ ವಾರಿಜಾ ಅದನ್ನು ಕೊಂಡೊಯ್ದು ಶಿವಗಂಗವ್ವನವರ ಗಂಡ ಗುರುಪಾದಪ್ಪನವರ ಕೈಗೆ ಕೊಟ್ಟು ಬಂದಿದ್ದರು.

ಗುರುಪಾದಪ್ಪನವರು ರೇಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು. ವಾರಿಜಾ ಮತ್ತು ಗಿರಿಜೆ ಬೆಟಗೇರಿಯ ಅವರ ಮನೆಗೆ ಹೋದಾಗ ಅವರು ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಹೆಗಲ ಮೇಲೆ, ಅಂಗಿಯ ಒಳಗೆ, ಪಟ್ಟಿಯ ಉಬ್ಬು ಕಾಣುತ್ತಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ದಿನಾ ಪೂಜೆಯಾದ ಮೇಲೆ ಸ್ವಲ್ಪ ಹೊತ್ತು ಹಾಕಿಕೊಳ್ಳುವುದಾಗಿ ಹೇಳಿದರು. ಹೆಂಡತಿ ಬದುಕಿದ್ದಾಗಲೂ, ರಾತ್ರಿ ಗಾಡಿ ಮುಗಿಸಿ ಬಂದ ದಿನ, ಹೀಗೇ ಹೆಗಲೊತ್ತುತ್ತಿದ್ದಳೆಂದರು.

ಬಂದ ಕಾರಣವನ್ನು ವಾರಿಜಾ ತಿಳಿಸಿದರು. ಗುರುಪಾದಪ್ಪನವರು ಇಂಥದೇ ಇನ್ನೊಂದು ಮಾಡಿಕೊಡಲು ಬರುವುದಿಲ್ಲವೇ ಎಂದು ಕೇಳಿದರು.

"ಬರೂದಿಲ್ರಿ ಗಾರ್ಡ್ ಸಾಹೇಬರ. ಕಲಿತದ್ದು ಎಳಿಯೊಳಗನ ಅದ. ಕೈ ಇಲ್ಲದ ಇನ್ನೊಂದು ಪಟ್ಟಿಗೆ ಕಲಸೂದು ಹೆಂಗ? ಮತ್ತ ಇದು ಇನ್ನೂ ಕಲೀತನ ಅದ. ಒಬ್ಬಾಕಿ ಬ್ಯಾನಿಗೆ ಕಟ್ಟಿದರ ಅಕಿ ಮೈಗೆ ಹೊಂದಕೋತದ. ಆಮ್ಯಾಲೆ ನಿಮಗ ತಿರುಗಿ ಬರೂದು ಮೊದಲಿನಂಥಾದ್ದು ಇರೂದಿಲ್ಲ."

"ಕಲಿಯೂದು ನಿಲ್ಲಸಾಕ ಬರೂದಿಲ್ಲೇನ್ರಿ?"

"ಬರತದ. ಸಣ್ಣಗ ಕಾಸಿ ಮುದ್ರಿ ಒತ್ತಿದರ ಆತು. ಇದ್ದದ್ದು ಇದ್ದಾಂಗ ನಿಮ್ಮ ಆಯುಷ್ಯ ಇರೂತನಕ ಉಳೀತದ. ಆದರ ಬ್ಯಾನಿ ತಿನ್ನಾಕಿಗೆ ಅದರಿಂದ ಉಪಯೋಗ ಇಲ್ರಿ. ನೀವು ಏನಂದರೂ ಸರಿ, ನಾ ಒತ್ತಾಯ ಮಾಡಾಕ ಬಂದಿಲ್ಲ."

ಗುರುಪಾದಪ್ಪನವರು ಹೆಗಲ ಮೇಲಿನ ಉಬ್ಬನ್ನು ಸವರಿಕೊಂಡರು. ಹೆಂಡತಿ ಹೋದಾಗಿನಿಂದ ಬಂದವರೆಲ್ಲ ಆಕೆಯ ಆತ್ಮಕ್ಕೆ ಶಾಂತಿ ಸಿಗಲೆಂದು ಹೇಳಿ ಹೋಗುತ್ತಿದ್ದರು. ಅವರ ಬಾಯಲ್ಲಿ ಮಾತ್ರ ಆ ಪ್ರಾರ್ಥನೆ ಬರುತ್ತಿರಲಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟು ಕೂತರೆ ಬೇರೆಲ್ಲ ಹೇಳುವರು, ಅದೊಂದು ಬಿಟ್ಟು. ಶಾಂತಿ ಕೊಡು ಎಂದರೆ ಅವಳು ಹೋದದ್ದಕ್ಕೆ ತಾವೂ ಒಪ್ಪಿದಂತಾಗುತ್ತದೆ ಎಂದು ಅವರಿಗೆ ಅನಿಸುತ್ತಿತ್ತು.

ಗಿರಿಜೆ ಸ್ವಲ್ಪ ಮುಂದೆ ಸರಿದು ಕೂತಳು. "ಕಾಕಾ, ನೀವು ಇಲ್ಲ ಅಂದರ ನಾ ಏನೂ ತಿಳ್ಕೊಳ್ಳೂದಿಲ್ರಿ," ಎಂದಳು. "ನನ್ನ ಮೊದಲನೇ ಕೂಸು ಹುಟ್ಟಿದ್ದು ನನಗ ಬ್ಯಾರೇದವರು ಹೇಳಿದ ಸುದ್ದಿ. ಅವರು ಹೇಳಿದರು, ನಾ ನಂಬಿದೆ. ಈ ಸಲ ನಾನ ಅಲ್ಲಿ ಇರಬೇಕಂತ ಆಸಿ ಐತಿ. ಅಷ್ಟ."

ಗುರುಪಾದಪ್ಪನವರು ಅಂಗಿಯೊಳಗೆ ಕೈಹಾಕಿ ಕೊಕ್ಕೆ ಬಿಚ್ಚಿದರು. ಪಟ್ಟಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ವಾರಿಜಾರನ್ನು ಕೇಳಿದರು: "ಇದು ನಡುನಡುವ ನಿಂತ ಬಿಡತೈತಿ, ರಿಪೇರಿ ಮಾಡಬೇಕು ಅಂತಿದ್ರಲ್ರಿ?"

ಹೌದೆಂದರು ವಾರಿಜಾ. ಒತ್ತು ಮುಗಿದ ಕೂಡಲೇ ಪಟ್ಟಿ ಪೂರ್ತಿ ಸಡಿಲವಾಗುತ್ತಿತ್ತು. ಅದು ಎಳೆಯ ದೋಷವೆಂದು ಅವರು ತಿಳಿದಿದ್ದರು.

"ಅದಕ್ಕ ಕೈ ಹಚ್ಚಬ್ಯಾಡ್ರಿ. ಬ್ಯಾನಿ ಇಳದ ಕೂಡಲೇ ಅಕಿ ಎರಡೂ ಕೈ ತಗೀತಿದ್ದಳು. ಕೈ ಇದ್ದರ ಬ್ಯಾನಿ ಇನ್ನೂ ಐತಿ ಅಂತ ಮೈ ತಿಳ್ಕೋತೈತಿ ಅಂತಿದ್ದಳು. ಆ ಹೊತ್ತಿನಾಗ ತನ್ನ ಕೊರಳಾಗಿನ ಲಿಂಗಾ ಮುಟ್ಟಕೊಂಡು ಸುಮ್ಮನ ನಿಲ್ಲಾಕಿ. ನನ್ನ ಹೆಗಲ ಮ್ಯಾಲೂ ಅದು ಹಂಗ ಬಿಡತೈತಿ." ಇಷ್ಟು ಹೇಳಿ ಪಟ್ಟಿಯನ್ನು ಗಿರಿಜೆಯ ಮಡಿಲಿಗೆ ಹಾಕಿದರು. ಮುದ್ರೆಯ ಮಾತು ಮತ್ತೆ ಎತ್ತಲಿಲ್ಲ.

ಹೆರಿಗೆಯ ದಿನ ಜೊತೆಗಿರಲು ಬಂದವಳು ಗಿರಿಜೆಯ ಅತ್ತೆ ತುಂಗವ್ವ. ಅವಳಿಗೆ ಈ ಯೋಜನೆ ಯಾವುದೂ ಒಪ್ಪಿಗೆಯಿರಲಿಲ್ಲ. ಊರಿಗೆ ಊರೇ ಮಲಗಿ ಹೆರುವಾಗ ತನ್ನ ಸೊಸೆಗೆ ಮಾತ್ರ ಎಚ್ಚರದ ಹುಚ್ಚು ಏಕೆಂದು ದಾರಿಯುದ್ದಕ್ಕೂ ಕೇಳಿದ್ದಳು. ಪಟ್ಟಿ ಕಟ್ಟುವುದನ್ನು ನೋಡಿ, "ನಮ್ಮ ಕಾಲದಾಗ ಸತ್ತವರಿಗೆ ಎಡಿ ಇಟ್ಟು ಸುಮ್ಮನ ಬಿಡತಿದ್ವಿ. ಈಗ ಅವರ ಕಡಿಂದನೂ ಕೆಲಸ ತಗೋತಾರ," ಎಂದಳು. ಗಿರಿಜೆಗೆ ನಗು ಬಂತು. ನಗು ಮುಗಿಯುವ ಮೊದಲೇ ನೋವು ಬಂತು.

ಬೆಳಗಿನ ಹೊತ್ತು ಚೆನ್ನಾಗಿಯೇ ಕಳೆಯಿತು. ಗಿರಿಜೆ ಪಡಸಾಲೆಯಲ್ಲಿ ಓಡಾಡಿದಳು, ಕಿಟಕಿಯ ಸರಳು ಹಿಡಿದು ಕುಕ್ಕರಗಾಲಿನಲ್ಲಿ ಕೂತಳು. ನೋವು ಏರುವಾಗ ಹೊಟ್ಟೆ ಬಿಗಿಯುವುದನ್ನು ಪಟ್ಟಿ ಅವಳಿಗಿಂತ ಮೊದಲೇ ತಿಳಿದು ಬೆನ್ನನ್ನು ಹಿಡಿಯುತ್ತಿತ್ತು. ಇಳಿದಾಗ ಬಿಟ್ಟುಬಿಡುತ್ತಿತ್ತು. ಆ ಬಿಡುವಿನಲ್ಲಿ ಅವಳು ಕಣ್ಣುಮುಚ್ಚಿ ನಿಜವಾಗಿಯೂ ವಿಶ್ರಮಿಸುತ್ತಿದ್ದಳು. ವಾರಿಜಾ ಮೂಲೆಯಲ್ಲಿ ಕುಳಿತು ನೋಡುತ್ತಿದ್ದರು.

ಮಧ್ಯಾಹ್ನದ ಮೇಲೆ ನೋವಿಗೂ ನೋವಿಗೂ ನಡುವೆ ಬಿಡುವು ಹೆಚ್ಚು ಉಳಿಯಲಿಲ್ಲ. ಗಿರಿಜೆ ಕಿಟಕಿಯ ಸರಳಿಗೆ ಜೋತುಬಿದ್ದಳು. ಪಟ್ಟಿ ಸಡಿಲವಾದ ಒಂದು ಗಳಿಗೆಯಲ್ಲಿ ಅವಳು ಹಿಂತಿರುಗಿ ನೋಡಿ, ಅಲ್ಲಿ ಯಾರೂ ಇಲ್ಲವೆಂಬಂತೆ ಮುಖ ಮಾಡಿ, "ನನ್ನ ಕೈಲೆ ಆಗೂದಿಲ್ಲ. ಮಲಗಸರಿ," ಎಂದಳು. ಮೊದಲ ಸಲ ಕೇಳಿದರೆ ಸಮಾಧಾನ ಹೇಳುವುದು, ಎರಡನೆಯ ಸಲ ಕೇಳಿದರೆ ಔಷಧ ಕೊಡುವುದು ಎಂದು ಶಿವಗಂಗವ್ವನವರ ಜೊತೆ ಗೊತ್ತಾಗಿತ್ತು. ಹೆರಿಗೆ ಡಾಕ್ಟರು ಔಷಧ ಸಿದ್ಧಮಾಡಿಕೊಂಡು ನಿಂತರು.

ತುಂಗವ್ವನಿಗೆ ಪಟ್ಟಿ ಕೆಟ್ಟಿತೆಂದೇ ಅನಿಸಿತು. ಸಡಿಲವಾದ ಪಟ್ಟಿಯ ಮೇಲೆ ಅವಳು ತನ್ನ ಎರಡೂ ಅಂಗೈ ಊರಿದಳು. ಪಟ್ಟಿಯ ಲಯ ತಪ್ಪುತ್ತದೆ, ಮುಟ್ಟಬೇಡಿರೆಂದು ವಾರಿಜಾ ಎದ್ದು ಬಂದರು. "ನಿಮ್ಮ ಯಂತ್ರ ನಿಂತರ ನಿಲ್ಲಲಿ ಬಿಡ್ರಿ ಬಾಯಾರ, ನಾ ನಿಂತಿಲ್ಲ," ಎಂದಳು ತುಂಗವ್ವ. ಆಮೇಲೆ ಸೊಸೆಯ ಕಿವಿಯ ಹತ್ತಿರ ಬಾಗಿ, "ಗಿರಿಜಾ, ನಾ ಇಲ್ಲೇ ಅದೀನಿ. ಇದು ನನ್ನ ಕೈ. ಒರಟ ಐತಿ, ಬೈಬ್ಯಾಡ," ಎಂದಳು.

ಗಿರಿಜೆ ಎರಡನೆಯ ಸಲ ಕೇಳಲಿಲ್ಲ. ನೋವು ಏರಿದಾಗ ಪಟ್ಟಿ ಒತ್ತಿತು; ಅದು ಬಿಟ್ಟಾಗ ತುಂಗವ್ವ ಒತ್ತಿದಳು. ಬೆನ್ನು ಬಿಡದೆ ಹೀಗೇ ನಡೆಯಿತು. ವಾರಿಜಾ ಮರಳಿ ಕುಳಿತುಕೊಂಡರು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಅದು ಅಳುವ ಮೊದಲು ಒಂದು ಕ್ಷಣ ಸುಮ್ಮನೆ ಬಾಯಿ ತೆರೆದದ್ದನ್ನು ಎಲ್ಲರಿಗಿಂತ ಮೊದಲು ನೋಡಿದವಳು ಗಿರಿಜೆ. ಆಮೇಲೆ ಅದನ್ನು ಎಲ್ಲರಿಗೂ ಅವಳೇ ಹೇಳಿದಳು. ತುಂಗವ್ವ ಆ ಮಾತನ್ನು ಎರಡೆರಡು ಸಲ ಹೇಳಿಸಿ ಕೇಳಿದಳು.

ಕೆಲವು ದಿನಗಳ ಮೇಲೆ ವಾರಿಜಾ ಪಟ್ಟಿಯನ್ನು ಹಿಂದಿರುಗಿಸಲು ಹೋದರು. ಗುರುಪಾದಪ್ಪನವರು ಅದನ್ನು ಹೆಗಲಿಗೆ ಹಾಕಿಕೊಂಡು ಕಣ್ಣುಮುಚ್ಚಿದರು. ಒತ್ತು ಮೊದಲು ಬಲಗಡೆ ಬಂತು, ಆಮೇಲೆ ಎಡಗಡೆ. ಎಡಗಡೆಯ ಹಗುರ ಅಷ್ಟಿಷ್ಟು ಉಳಿದಿತ್ತು. ಒತ್ತು ಮುಗಿದು ಕೈ ಏಳಬೇಕಾದ ಹೊತ್ತಿಗೆ, ಅವರು ಕಾಯುತ್ತಿದ್ದ ಆ ಬಿಡುವಿನಲ್ಲಿ, ಬೇರೆ ಎರಡು ಅಂಗೈ ಬಂದು ಕೂತವು. ದಪ್ಪ, ಒರಟು, ಪರಿಚಯವಿಲ್ಲದ ಅಂಗೈಗಳು.

ಅವರ ಮುಖ ನೋಡಿದ ವಾರಿಜಾ ಪಟ್ಟಿಯ ಮೇಲೆ ಕೈಯಿಟ್ಟು, ಇದು ಗಿರಿಜೆಯ ಅತ್ತೆಯ ಒತ್ತು, ತಪ್ಪು ತಮ್ಮದೆಂದರು. ಪಟ್ಟಿ ಶಿವಗಂಗವ್ವನವರಿಂದ ಕಲಿತದ್ದು ಅವರು ಅದರ ಮೇಲೆ ಒತ್ತಿದ್ದರಿಂದ. ಹಾಗಾದರೆ ಯಾರು ಒತ್ತಿದರೂ ಅವರಿಂದ ಕಲಿಯುತ್ತದೆ. ಇಷ್ಟು ಸರಳವಾದದ್ದು ತಮಗಾಗಲಿ ತಮ್ಮ ಜೊತೆಯವರಿಗಾಗಲಿ ಹೊಳೆದಿರಲಿಲ್ಲ. ಮುಂದೆ ಪ್ರತಿ ಹೆರಿಗೆಯಲ್ಲೂ ಯಾರಾದರೊಬ್ಬರ ಕೈ ಇದರಲ್ಲಿ ಸೇರುತ್ತ ಹೋಗುವುದು. ಈಗಲೇ ಮುದ್ರೆ ಒತ್ತಿದರೆ ಉಳಿದಷ್ಟಾದರೂ ಉಳಿಯುತ್ತದೆ ಎಂದು ಅವರು ಕಾಸುವ ಸಲಕರಣೆಯನ್ನು ಚೀಲದಿಂದ ತೆಗೆದರು.

ಗುರುಪಾದಪ್ಪನವರು ಬಹಳ ಹೊತ್ತು ಆ ಕೈಗಳನ್ನು ಹೆಗಲ ಮೇಲೆ ಹೊತ್ತು ಕುಳಿತಿದ್ದರು. "ಒತ್ತೂ ಕೈ ಹೆಂಗೋ ಸಿಗತೈತ್ರಿ," ಎಂದರು ಕೊನೆಗೆ. "ಬ್ಯಾನಿ ಇಳದ ಮ್ಯಾಲೆ ಅಕಿ ಕೈ ತಗೀತಿದ್ದಳು. ಈಗ ತಗೀಬ್ಯಾಡ ಅಂತ ಹಿಡಕೊಂಡವ ನಾನ. ಮುದ್ರಿ ಬ್ಯಾಡ. ಒಯ್ರಿ, ಮುಂದಿನಾಕಿಗೆ ಕಟ್ರಿ."

ವಾರಿಜಾ ಹೋದ ಮೇಲೆ ಅವರು ಕೈಕಾಲು ತೊಳೆದು ಒಳಗೆ ಹೋದರು. ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡರು. ಇಷ್ಟು ದಿನ ಬಾರದ ಮಾತು ಮೆಲ್ಲಗೆ ಬಂತು.

"ಶಿವನೇ, ಅಕಿ ಭಾಳ ದಣದಾಳ. ಹೊತ್ತಲ್ಲದ ಹೊತ್ತಿನಾಗ ಯಾರ್ಯಾರೋ ಬಂದು ಬಾಗಲಾ ಬಡೀತಿದ್ದರು, ಒಂದು ಸಲನೂ ಒಲ್ಲೆ ಅನಲಿಲ್ಲ. ಇನ್ನ ಯಾರ ಕರದರೂ ಅಕಿನ್ನ ಎಬ್ಬಸಬ್ಯಾಡ. ನಾ ಕರದರೂ ಎಬ್ಬಸಬ್ಯಾಡ. ನಿನ್ನ ಮಗ್ಗಲದಾಗ ಜಾಗಾ ಕೊಡು, ಮಲಗಲಿ. ನನ್ನ ಶಿವಗಂಗಿಗೆ ಶಾಂತಿ ಕೊಡು, ತಂದೆ."