ಪಕ್ಕದ ಮನೆಯ ಮೆಟ್ಟಿಲು

ನೆಲಮಾಳಿಗೆಯಲ್ಲಿ ಮಿಸ್ ಒಡೆಸಾ ಟಿಲರಿ ಸತ್ತು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಮೊದಲು ನೋಡಿದವರು ಎದುರು ಮನೆಯ ಮಿಸ್ ಪರ್ಲೀನ್. ಶನಿವಾರ ಮಧ್ಯಾಹ್ನ ಜೋಳದ ಬ್ರೆಡ್ ಕೊಡಲು ತಮ್ಮ ಬಳಿಯಿದ್ದ ಕೀಲಿಯಿಂದ ಒಳಗೆ ಬಂದವರು ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಕೇಳಿಸಿಕೊಳ್ಳಲು ಪೆನ್ರಿ ಬೀದಿಯಲ್ಲಿ ಉಳಿದಿದ್ದೇ ಬೆರಳೆಣಿಕೆಯ ಮನೆಯವರು. ಮಿಕ್ಕ ಮನೆಗಳ ಕಿಟಕಿಗಳಿಗೆಲ್ಲ ಪ್ಲೈವುಡ್ ಬಡಿದಿತ್ತು.

ಡಿಟೆಕ್ಟಿವ್ ಇಮೋಜನ್ ಗೇದರ್ ಹೆಣದ ಪಕ್ಕ ಮಂಡಿಯೂರಿದಳು. ಅವಳೂ ಈ ಕಪ್ಪು ಜನರ ಬಡಾವಣೆಯವಳು, ಹುಟ್ಟಿ ಬೆಳೆದದ್ದು ಪಕ್ಕದ ಬೀದಿಯಲ್ಲೇ. ಈ ಮುದುಕಿಯ ಕೈಯ ಪೀಚ್ ಪೈ ತಿಂದವಳು.

ಇಷ್ಟು ದೊಡ್ಡ ಗಾಯ. ನೆಲದ ಮೇಲೆ ರಕ್ತ ಮಾತ್ರ ಚೂರೇ ಚೂರು.

"ಯಾವಾಗ ಸತ್ತಿದ್ದು?" ಎಂದು ವೈದ್ಯರನ್ನು ಕೇಳಿದಳು.

"ನಿನ್ನೆ ಸಂಜೆಯಿಂದ ಇವತ್ತು ಬೆಳಿಗ್ಗೆಯೊಳಗೆ. ಇಲ್ಲಿ ಚಳಿ ಜಾಸ್ತಿ. ಇದಕ್ಕಿಂತ ಖಚಿತವಾಗಿ ಹೇಳೋಕಾಗಲ್ಲ."

"ನಾನು ಹೇಳ್ತೀನಿ," ಎಂದ ಮೇಲಿನಿಂದ ಲೆಫ್ಟಿನೆಂಟ್ ಡೂಲಿ. ಅವಳ ಮೇಲಧಿಕಾರಿ. ಬಿಳಿಯ. ಊರಾಚೆಯ ಹುಲ್ಲುಹಾಸಿನ ಮನೆಯಿಂದ ಮೂಗು ಮುಚ್ಚಿಕೊಂಡು ಇಲ್ಲಿಗೆ ಬಂದು ಹೋಗುವವನು. "ಇವತ್ತು ಬೆಳಿಗ್ಗೆ. ಮನೆ ಮುಂದಿನ ಮೆಟ್ಟಿಲು ತೊಳೆದಿದ್ದಾಳೆ, ನೋಡಿಲ್ವಾ? ಕೊಂದವನೂ ಸಿಕ್ಕಿದ್ದಾನೆ."

*

ಸಿಕ್ಕವನು ತವಾರಿಸ್ ಬೂನ್. ಮೂಲೆಯಲ್ಲಿ ನಿಂತು ಬಿಡಿ ಸಿಗರೇಟು ಮಾರುವವನು. ಮಿಸ್ ಒಡೆಸಾ ಅವರ ಕೈಚೀಲ ಅವನ ಬಳಿ ಸಿಕ್ಕಿತ್ತು. ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಬೇಡಿ ಹಾಕಿಸಿಕೊಂಡು ಕೂತಿದ್ದ. ತುಟಿ ಆಗಲೇ ಊದಿತ್ತು.

"ತುಟಿಗೆ ಏನಾಯ್ತೋ?" ಎಂದು ಗೇದರ್ ಕೇಳಿದಳು.

"ಕಾರಿನ ಬಾಗಿಲು ತಾಗ್ತಂತೆ. ನಿಮ್ಮೋರೇ ಹೇಳಿದ್ರು."

"ಕೈಚೀಲ?"

"ಹಿತ್ತಿಲ ಗಲ್ಲಿಯ ಕಸದ ಡಬ್ಬಿಯಲ್ಲಿತ್ತು. ಕೊಡೋಣ ಅಂತ ಬೆಳಿಗ್ಗೆ ಬಾಗಿಲು ತಟ್ಟಿದೆ, ತೆಗೀಲಿಲ್ಲ. ಮಿಸ್ ಒಡೆಸಾ ನನಗೆ ಊಟ ಹಾಕಿದೋರು, ಡಿಟೆಕ್ಟಿವ್. ಅವರನ್ನ ನಾನು..."

"ನಿನ್ನೆ ಸಂಜೆ ಎಲ್ಲಿದ್ದೆ?"

"ಚರ್ಚಲ್ಲಿ. ಶುಕ್ರವಾರದ ಮೀನೂಟ. ಬಾಣಲೆ ಮುಂದೆ ನಿಂತು ಮೀನು ಕರಿದವನೇ ನಾನು. ಬೀದಿಯೋರೆಲ್ಲ ನನ್ನ ಕೈಯಿಂದಲೇ ತಿಂದಿದ್ದಾರೆ."

ನಿನ್ನೆ ಸಂಜೆ ಸತ್ತಿದ್ದರೆ ಇವನು ಬಚಾವು. ಇವತ್ತು ಬೆಳಿಗ್ಗೆ ಸತ್ತಿದ್ದರೆ ಇವನ ಕತೆ ಮುಗಿಯಿತು. ಡೂಲಿ ಐದು ಗಂಟೆಗೆ ಟಿವಿಯವರನ್ನು ಕರೆದಿದ್ದ.

*

ಬೆಳಿಗ್ಗೆ ಮಿಸ್ ಒಡೆಸಾ ಬದುಕಿದ್ದರು ಎನ್ನಲು ಸಾಕ್ಷಿಯೂ ಇತ್ತು. ಅದೂ ಎಂಥ ಸಾಕ್ಷಿ! ಬೀದಿ ಉದ್ಧಾರ ಸಮಿತಿಯ ಅಧ್ಯಕ್ಷ ಲಿಯೋನಲ್ ಸ್ಪ್ರಿಗ್ಸ್. ಇದೇ ಬೀದಿಯಲ್ಲಿ ಹುಟ್ಟಿದ ಕಪ್ಪು ಹುಡುಗ, ಈಗ ಬಂದರಿನ ಬಳಿ ಗಾಜಿನ ಕಟ್ಟಡದಲ್ಲಿ ವಾಸ. ಪೂರ್ತಿ ಬೀದಿಯನ್ನು ಕೆಡವಿ ಬಂಗಲೆ ಕಟ್ಟುವವರಿಗಾಗಿ ಮನೆ ಮನೆ ಸುತ್ತಿ ಮಾರಾಟದ ಕಾಗದಕ್ಕೆ ಸಹಿ ಹಾಕಿಸಿದವನು. ಸಹಿ ಹಾಕದೆ ಉಳಿದವರು ಮಿಸ್ ಒಡೆಸಾ ಒಬ್ಬರೇ.

"ಪಾಪ, ಬೆಳಿಗ್ಗೆ ಕಾರಲ್ಲಿ ಹೋಗ್ತಾ ಕೈ ಬೀಸಿದೆ," ಎಂದು ಕರವಸ್ತ್ರದಿಂದ ಕಣ್ಣೊತ್ತಿಕೊಂಡ. "ಬಕೆಟ್ ಇಟ್ಕೊಂಡು ಮೆಟ್ಟಿಲು ಉಜ್ಜುತ್ತಾ ಇದ್ರು. ನಮ್ಮಮ್ಮನ ಹಾಗೇ."

ಗೇದರ್ ಹೊರಗೆ ಬಂದಳು. ಈ ಬೀದಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಪ್ರತಿ ಮನೆಯ ಮುಂದೂ ಮೂರು ಬಿಳಿ ಮಾರ್ಬಲ್ ಮೆಟ್ಟಿಲು. ಶನಿವಾರ ಬೆಳಿಗ್ಗೆ ಪುಡಿ ಹಾಕಿ, ಉಜ್ಜುಗಲ್ಲಿನಿಂದ ತಿಕ್ಕದ ಹೆಂಗಸಿಗೆ ಇಲ್ಲಿ ಮರ್ಯಾದೆ ಇಲ್ಲ. ಮಿಸ್ ಒಡೆಸಾ ಮೆಟ್ಟಿಲು ಹಾಲಿನ ಹಾಗೆ ಹೊಳೆಯುತ್ತಿತ್ತು. ಪಕ್ಕದ ಖಾಲಿ ಮನೆಯ ಮೆಟ್ಟಿಲ ಮೇಲೆ ಪಾರಿವಾಳದ ಹಿಕ್ಕೆ, ಬಿಯರ್ ಡಬ್ಬಿ.

"ಒಡೆಸಾಗೆ ಮೈ ಹುಷಾರಿರಲಿಲ್ಲ ಅನ್ಸುತ್ತೆ ಮಗಳೇ," ಎಂದರು ಮಿಸ್ ಪರ್ಲೀನ್, ಮೂಗೊರೆಸಿಕೊಳ್ಳುತ್ತ. "ಹೆನ್ರಿಯೆಟ್ಟಾಳ ಮೆಟ್ಟಿಲು ಹಾಗೇ ಬಿಟ್ಟಿದ್ದಾಳೆ."

"ಯಾವ ಹೆನ್ರಿಯೆಟ್ಟಾ?"

"ಆ ಖಾಲಿ ಮನೆಯೋಳು. ಇವಳ ಜೀವದ ಗೆಳತಿ. ಅವಳು ಸತ್ತಾಗಿನಿಂದ ಒಡೆಸಾ ಮೊದಲು ಅವಳ ಮೆಟ್ಟಿಲು ತೊಳೀತಿದ್ಳು, ಆಮೇಲೆ ತನ್ನದು. ಹಿಮ ಬಿದ್ರೂ ಬಿಡ್ತಿರಲಿಲ್ಲ."

ಗೇದರ್ ತಿರುಗಿ ಎರಡೂ ಮನೆಗಳ ಮೆಟ್ಟಿಲನ್ನು ಮತ್ತೆ ನೋಡಿದಳು.

"ನಿನ್ನೆ ಮೀನೂಟಕ್ಕೆ ಮಿಸ್ ಒಡೆಸಾ ಬಂದಿದ್ರಾ?"

"ಇಲ್ಲ, ಮಂಡಿನೋವು. ಬೇರೆಲ್ಲರೂ ಇದ್ವಿ. ಲಿಯೋನಲ್ ತಾನೇ ಮೀನು ಕೊಡಿಸಿದ್ದು? ತಾನೇ ಅರ್ಧಕ್ಕೆ ಎದ್ದು ಹೋದ, ಏನೋ ಫೋನ್ ಬಂತು ಅಂತ."

ಗೇದರ್ ಪ್ರಯೋಗಾಲಯದವರಿಗೆ ಫೋನ್ ಮಾಡಿದಳು.

*

ಟಿವಿ ಕ್ಯಾಮೆರಾಗಳು ಬಂದವು. ಡೂಲಿ ಟೈ ಸರಿಮಾಡಿಕೊಂಡ. ಪಕ್ಕದಲ್ಲಿ ಸ್ಪ್ರಿಗ್ಸ್ ದುಃಖದ ಮುಖ ಹೊತ್ತು ನಿಂತಿದ್ದ. ಬೀದಿಯವರು ಸುತ್ತ ನೆರೆದಿದ್ದರು.

"ಮಿಸ್ಟರ್ ಸ್ಪ್ರಿಗ್ಸ್," ಎಂದಳು ಗೇದರ್. "ಬೆಳಿಗ್ಗೆ ಅವರು ಮೆಟ್ಟಿಲು ತೊಳೆದು ಮುಗಿಸಿದ್ದನ್ನ ನೀವು ನೋಡಿದ್ರಾ?"

"ನೋಡಿದೆ ಸಿಸ್ಟರ್. ಬಕೆಟ್ ಎತ್ತಿಕೊಂಡು ಒಳಗೆ ಹೋದ್ರು."

"ಪಕ್ಕದ ಮನೆಯದು?"

"ಏನು ಪಕ್ಕದ ಮನೆ?"

"ಅದರ ಮೆಟ್ಟಿಲು ತೊಳೀಲಿಲ್ವಾ?"

ಸ್ಪ್ರಿಗ್ಸ್ ನಕ್ಕ. "ಆ ಹಾಳು ಕೊಂಪೆಗೆ ಯಾರು ನೀರು ಹಾಕ್ತಾರೆ?"

ಯಾರೂ ನಗಲಿಲ್ಲ. ಮಿಸ್ ಪರ್ಲೀನ್ ಒಂದು ಹೆಜ್ಜೆ ಮುಂದೆ ಬಂದರು.

"ಒಡೆಸಾ ಹಾಕ್ತಿದ್ಳು ಕಣೋ," ಎಂದರು. "ಬೀದಿಗೆಲ್ಲ ಗೊತ್ತು."

ಗೇದರ್ ಸನ್ನೆ ಮಾಡಿದಳು. ಪ್ರಯೋಗಾಲಯದವರು ಹೊಳೆಯುವ ಮೆಟ್ಟಿಲ ಮೇಲೆ ಕಪ್ಪು ಟಾರ್ಪಾಲಿನ ಡೇರೆ ಎತ್ತಿ, ಒಳಗೆ ರಕ್ತದ ಕಲೆಯನ್ನು ಕತ್ತಲಲ್ಲಿ ಹೊಳೆಸುವ ಔಷಧಿ ಸಿಂಪಡಿಸಿದರು. ಡೂಲಿ ಬಗ್ಗಿ ಇಣುಕಿದ. ಕೆಳಗಿನ ಮೆಟ್ಟಿಲ ಅಂಚಿನಲ್ಲಿ ಅಂಗೈಯಗಲ ನೀಲಿ ಬೆಳಕು. ಮೇಲಿನೆರಡು ಮೆಟ್ಟಿಲ ಮೇಲೆ ಎಳೆದೊಯ್ದ ಗೆರೆ.

"ಮಾರ್ಬಲ್ ರಕ್ತ ಕುಡಿದುಬಿಡುತ್ತೆ ಸರ್. ಎಷ್ಟು ಉಜ್ಜಿದರೂ ಪೂರ್ತಿ ಹೋಗಲ್ಲ," ಎಂದಳು ಗೇದರ್. "ಬೀದಿ ಖಾಲಿಯಾಗಲಿ ಅಂತ ಮೀನು ಕೊಡಿಸಿದ್ದು ಇವನು. ಸಹಿ ಹಾಕಿಸೋಕೆ ಒಬ್ಬನೇ ಬಂದ. ಅವರು ಹಾಕಲಿಲ್ಲ, ಬಾಗಿಲಲ್ಲೇ ಬೈದು ಕಳಿಸಿರ್ಬೇಕು. ಇವನು ತಳ್ಳಿದ. ಹೆಣ ಒಳಗೆ ಎಳೆದು ನೆಲಮಾಳಿಗೆಗೆ ಉರುಳಿಸಿದ, ಕಳ್ಳತನ ಅನ್ನಿಸಲಿ ಅಂತ ಕೈಚೀಲ ಗಲ್ಲಿಗೆ ಎಸೆದ. ರಕ್ತ ತೊಳೆಯೋವಾಗ ಹೊಳೆದಿರಬೇಕು: ನಾಳೆ ಶನಿವಾರ, ಮೆಟ್ಟಿಲು ಬೆಳ್ಳಗಿದ್ರೆ ಯಾರೂ ಕೇಳಲ್ಲ, ಅವರೇ ತೊಳೆದರು ಅಂದ್ಕೋತಾರೆ. ಆದರೆ ಮಿಸ್ ಒಡೆಸಾ ತಮ್ಮದು ಬಿಟ್ಟರೂ ಗೆಳತಿಯದು ಬಿಡೋರಲ್ಲ. ಇವನ ಕಣ್ಣಿಗೆ ಅದು ಮನೆಯೇ ಅಲ್ಲ."

"ನಮ್ಮಮ್ಮ ಇದೇ ಬೀದಿಯಲ್ಲಿ ಮೆಟ್ಟಿಲು ತೊಳೆದವಳು!" ಸ್ಪ್ರಿಗ್ಸ್ ಕೂಗಿದ.

"ಹೌದು. ಅವರು ತೊಳೆದ್ರು. ನೀನು ತುಳಿದೆ."

ಗೇದರ್ ಸೊಂಟದಿಂದ ಬೇಡಿ ತೆಗೆದಳು. ಸ್ಪ್ರಿಗ್ಸ್ ಅವಳ ಕಿವಿಯ ಬಳಿ ಬಗ್ಗಿದ. ಬಾಯಿಂದ ಪುದೀನ ಗುಳಿಗೆಯ ವಾಸನೆ.

"ಅವಳೇ ಕಾಲು ಜಾರಿ ಬಿದ್ಲು, ಸಿಸ್ಟರ್. ಹಿಂದಿನ ಗಲ್ಲಿಯಿಂದ ಕರ್ಕೊಂಡು ಹೋಗು. ಈ ಬಿಳಿಯರ ಕ್ಯಾಮೆರಾ ಮುಂದೆ ನಮ್ಮೋನಿಗೆ ಬೇಡಿ ಹಾಕ್ತೀಯಾ? ನಿನಗೆ ನಾಚಿಕೆ ಆಗಲ್ವಾ?"

ಅವಳಿಗೆ ರೇಗಿತು. ಕೊಂದದ್ದಕ್ಕಿಂತ ಹೆಚ್ಚಾಗಿ ಈ ಮಾತಿಗೆ.

"ತವಾರಿಸ್ ನಮ್ಮೋನಾಗಿರಲಿಲ್ವಾ?" ಎಂದು ಕೇಳಿ ಬೇಡಿ ಬಿಗಿದಳು. ಕ್ಯಾಮೆರಾಗಳ ನಡುವಿನಿಂದಲೇ ಅವನನ್ನು ಕರೆದೊಯ್ದಳು.

ಡೂಲಿ ಮೈಕಿನ ಮುಂದೆ ಹೋಗಿ, "ನಮಗೆ ಮೊದಲಿನಿಂದಲೂ ಅನುಮಾನವಿತ್ತು," ಎಂದು ಶುರುಮಾಡಿದ. ತವಾರಿಸ್‌ನ ಬೇಡಿಯನ್ನು ಗೇದರ್ ತಾನೇ ಬಿಚ್ಚಬೇಕಾಯಿತು. ಅವನ ಕ್ಷಮೆಯನ್ನು ಬೇರೆ ಯಾರೂ ಕೇಳಲಿಲ್ಲ. ಅವಳು ಕೇಳಿದಳು. ಅವನು ಮಣಿಕಟ್ಟು ಉಜ್ಜಿಕೊಳ್ಳುತ್ತ ತನ್ನ ಮೂಲೆಯತ್ತ ನಡೆದ.

ಅಷ್ಟರಲ್ಲಿ ಮಿಸ್ ಪರ್ಲೀನ್ ಬಕೆಟ್ ತಂದಿದ್ದರು. ಹೆನ್ರಿಯೆಟ್ಟಾಳ ಮೆಟ್ಟಿಲ ಮೇಲೆ ಹತ್ತಿ ನಿಂತಿದ್ದ ಟಿವಿಯವನಿಗೆ, "ಸರಿಯಪ್ಪಾ ಆಚೆ, ಕತ್ತಲಾಗೋದರೊಳಗೆ ಇದು ಮುಗೀಬೇಕು," ಎಂದರು.