ಖಾಲಿ ಹೊಟ್ಟೆಯ ರಕ್ತ

"ಇನ್ನೊಮ್ಮೆ ಬಂದು ರಕ್ತ ಕೊಡಬೇಕು" ಎಂದು ನರ್ಸ್ ಫೋನ್ ಮಾಡಿದರೆ ಎಂಥವರ ದನಿಯೂ ನಡುಗುತ್ತಿತ್ತು. ಲಿಫ್ಟ್ ಮೆಕ್ಯಾನಿಕ್ ಮಾತ್ರ "ನಾಳೆನೇ ಬರ್ಲಾ?" ಎಂದು ಕೇಳಿದ್ದ. ಆ ಹುರುಪು ಅವಳಿಗೆ ಅರ್ಥವಾಗಲಿಲ್ಲ.

ಹುಟ್ಟಿನಿಂದಲೇ ಲಿವರ್‌ನಲ್ಲಿ ವೈರಸ್ ಹೊತ್ತವನು ಅವನು. ಅಂಥವರಲ್ಲಿ ಕೆಲವರಿಗೆ ಕ್ಯಾನ್ಸರ್ ಸದ್ದಿಲ್ಲದೆ ಬಂದು ಕೂರುತ್ತದೆ. ನೋವು ಕಾಣಿಸುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ದೇಹ ಉಂಡದ್ದನ್ನು ಅರಗಿಸುವಾಗ ರಕ್ತದಲ್ಲಿ ಉಳಿಯುವ ಸಣ್ಣ ಸಣ್ಣ ವಸ್ತುಗಳ ಏರುಪೇರು ನೋಡಿ ಅದನ್ನು ಮೊದಲೇ ಹಿಡಿಯಬಹುದೇ ಎಂದು ಆಸ್ಪತ್ರೆಯ ಲ್ಯಾಬ್ ಹುಡುಕುತ್ತಿತ್ತು. ಮೂರು ತಿಂಗಳಿಗೊಮ್ಮೆ ರಕ್ತ ತೆಗೆಯುವುದು ಇವಳ ಪಾಲಿನ ಕೆಲಸ. ಬರುವವರು ಹತ್ತು ಗಂಟೆ ಏನೂ ತಿಂದಿರಬಾರದು.

ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು, ಅವನೊಬ್ಬ ಮಾತ್ರ ಮೇಡಂ ಎನ್ನುತ್ತಿದ್ದ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ನಂಗೆ ಆಗಲೇ ಒಬ್ಬಳು ಅಕ್ಕ ಇದ್ದಾಳೆ, ಸಾಕು" ಎಂದು ಚಾವಣಿ ನೋಡಿದ್ದ. ಕಿವಿಯ ತುದಿ ಕೆಂಪಾಗಿತ್ತು. ಅವಳು ಸಿರಿಂಜಿನ ಕಡೆ ಬಗ್ಗಿ ನಗು ನುಂಗಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ತೋಳು ಚಾಚಿ ಕೂತವನು ತಾನಾಗಿಯೇ ಬಾಯಿಬಿಟ್ಟ.

"ಹೋದ ಸಲ ಬರೋ ಮುಂಚೆ ಎರಡು ಬನ್ ತಿಂದಿದ್ದೆ. ಬೇಕಂತಲೇ."

"ಬೇಕಂತಲೇ? ಯಾಕೆ?"

"ಲೆಕ್ಕ ತಪ್ಪಿದರೆ ವಾಪಸ್ ಕರೀತೀರಿ ಅಂತ ಹೊರಗೆ ಯಾರೋ ಹೇಳಿದ್ರು. ಮೂರು ತಿಂಗಳು ತುಂಬಾ ಉದ್ದ ಮೇಡಂ."

ಅವಳು ಚೆನ್ನಾಗಿ ಬೈದಳು. ಇದು ಜೀವದ ಪ್ರಶ್ನೆ, ಹುಡುಗಾಟವಲ್ಲ ಎಂದಳು. ಬೈಯುತ್ತಲೇ ಸೂಜಿ ಚುಚ್ಚಿದಳು. ವರ್ಷಗಳಿಂದ ನರ ತಪ್ಪದ ಕೈ ಆ ದಿನ ತಪ್ಪಿತು. ಅವನು ಹಲ್ಲು ಕಚ್ಚಿಕೊಂಡು, ಪರವಾಗಿಲ್ಲ, ಇನ್ನೊಂದು ತೋಳೂ ಇದೆ ಎಂದ. ಅಂದು ನೀರು ಬಿಟ್ಟು ಬೇರೇನೂ ಮುಟ್ಟಿಲ್ಲವೆಂದು ಆಣೆ ಮಾಡಿದ.

ಆಮೇಲಿನ ನಾಲ್ಕು ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಹೋದ ಸಲ ಅಂಕಿಗಳು ಏರಿದ್ದು ಬನ್ನಿನಿಂದ, ಬೇರೆ ಯಾವುದರಿಂದಲೂ ಅಲ್ಲ ಎಂದುಕೊಂಡಳು.

ಐದನೆಯ ದಿನ ಲ್ಯಾಬಿನ ಹಿರಿಯರು ಅವಳನ್ನು ಕರೆದು ಹಾಳೆಯನ್ನು ಮುಂದಿಟ್ಟರು. ಖಾಲಿ ಹೊಟ್ಟೆಯ ರಕ್ತದಲ್ಲಿ ಪಿತ್ತರಸದ ಆಮ್ಲಗಳು ಮೊದಲಿಗಿಂತ ಮೇಲೇರಿದ್ದವು. ಜೊತೆಗಿನ ಇನ್ನೆರಡು ಅಂಕಿಗಳೂ ದಾರಿ ತಪ್ಪಿದ್ದವು. ಇದನ್ನೇ ನಂಬಿ ಏನನ್ನೂ ಹೇಳುವಂತಿಲ್ಲ, ಬೇಗ ಸ್ಕ್ಯಾನ್ ಆಗಲಿ ಎಂದರು. ಅವಳು ಮೂರು ಸಲ ಅವನ ನಂಬರ್ ಒತ್ತಿ ಮೂರು ಸಲವೂ ಕಟ್ ಮಾಡಿದಳು.

ಕೊನೆಗೆ ಅವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೇ ಹೋದಳು. ಐದನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗಿನ ಕತ್ತಲಲ್ಲಿ ಅವನು ಹಗ್ಗ ಬಿಗಿದುಕೊಂಡು ತಂತಿಗಳಿಗೆ ಗ್ರೀಸ್ ಹಚ್ಚುತ್ತಿದ್ದ. ಪ್ರಪಾತದ ಮೇಲೆ ನೇತಾಡುವವನಿಗೆ ಇಂಥ ಮಾತು ಹೇಳುವುದುಂಟೇ? ಅವನು ಮೇಲೆ ಬಂದು ಹಗ್ಗ ಬಿಚ್ಚುವವರೆಗೆ ಗೋಡೆಗೆ ಒರಗಿ ನಿಂತಳು. ಅವಳನ್ನು ಕಂಡು ಅರಳಿದ ಅವನ ಮುಖ, ಅವಳ ಮುಖ ನೋಡುತ್ತಲೇ ಆರಿತು.

ಕೇಳಿಸಿಕೊಂಡವನು ಮೆಟ್ಟಿಲ ಮೇಲೆ ಕೂತ. ಅಣ್ಣನಿಗೂ ಇದೇ ಆಗಿತ್ತಂತೆ. ಗೊತ್ತಾದ ಮೇಲೆ ಉಳಿದದ್ದು ಮೂರೇ ವಾರ. ಸ್ಕ್ಯಾನ್ ಬೇಡ, ಗೊತ್ತಿಲ್ಲದೆಯೇ ಇದ್ದುಬಿಡುತ್ತೇನೆ ಎಂದ. ಗ್ರೀಸ್ ಮೆತ್ತಿದ ಬೆರಳುಗಳನ್ನು ಪ್ಯಾಂಟಿಗೆ ಒರೆಸುತ್ತಲೇ ಇದ್ದ.

ಅವಳು ಪಕ್ಕದಲ್ಲೇ ಕೂತಳು. "ನನ್ನನ್ನ ನೋಡೋಕೆ ಸುಳ್ಳು ಹೇಳಿದ್ರಿ. ಈಗ ನನಗೋಸ್ಕರ ನಿಜ ನೋಡೋಕೆ ಬನ್ನಿ. ನಾನೂ ಜೊತೆಗಿರ್ತೀನಿ."

"ನಿಮಗೆ ಹೆದರಿಕೆ ಇಲ್ವಾ?"

"ನಿಮಗಿಂತ ಜಾಸ್ತಿ ಇದೆ" ಎಂದು ಆ ಜಿಡ್ಡಿನ ಕೈ ಹಿಡಿದಳು.

ಸ್ಕ್ಯಾನಿನಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು. ಕ್ಯಾನ್ಸರೇ. ಆದರೆ ಒಂದೇ ಇದೆ, ಚಿಕ್ಕದು, ಕತ್ತರಿಸಿ ತೆಗೆಯಬಹುದು ಎಂದರು ಸರ್ಜನ್. ಆಪರೇಷನ್ನಿಗೆ ಹತ್ತು ದಿನವಿತ್ತು. ಆಪರೇಷನ್ನಿನ ಬೆಳಿಗ್ಗೆ, ವೀಲ್‌ಚೇರಿನಲ್ಲಿ ಕೂತವನು ಮೆಲ್ಲಗೆ ಅವಳನ್ನು ಕರೆದು, ಗಂಟು ಹೋದರೂ ತನ್ನ ರಕ್ತದಲ್ಲಿ ವೈರಸ್ ಇದ್ದೇ ಇರುತ್ತದೆ, ನಿಮಗೂ ಅಂಟಬಹುದು, ಯೋಚನೆ ಮಾಡಿ ಎಂದ. ನರ್ಸುಗಳಿಗೆಲ್ಲ ಅದರ ಲಸಿಕೆ ಆಗಿರುತ್ತದೆ, ಬೇರೆ ನೆಪ ಇದ್ದರೆ ಹೇಳಿ ಎಂದಳು ಅವಳು. ಪಕ್ಕದಲ್ಲಿದ್ದ ಅವನ ಅಕ್ಕ ಅಳುತ್ತಿದ್ದವಳು ನಕ್ಕುಬಿಟ್ಟಳು.

ಕೌಂಟರಿನ ಗುಮಾಸ್ತ ಒಪ್ಪಿಗೆ ಪತ್ರ ಮುಂದಿಟ್ಟ. ಅಕ್ಕನ ಸಹಿ ಆದಮೇಲೆ, ಜೊತೆಗಿರುವ ಇನ್ನೊಬ್ಬರ ಹೆಸರೂ ಬೇಕೆಂದು ಅವಳತ್ತ ತಿರುಗಿದ.

"ನೀವು ಪೇಷಂಟ್‌ಗೆ ಏನಾಗಬೇಕು?"

ವೀಲ್‌ಚೇರಿನವನು ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ.

"ಹೆಂಡತಿ ಆಗಬೇಕು" ಎಂದಳು. "ಇನ್ನೂ ಆಗಿಲ್ಲ."

ಗುಮಾಸ್ತ ಪೆನ್ನು ಹಿಡಿದು ಹಾಗೇ ಕೂತ. ಒಳಗಿನ ಬಾಗಿಲು ತೆರೆಯಿತು, ಕುರ್ಚಿ ಮುಂದೆ ಸರಿಯಿತು. ಬಾಗಿಲವರೆಗೂ ಅವನು ಅವಳ ಬೆರಳು ಬಿಡಲಿಲ್ಲ.

ಐದು ಗಂಟೆ ಕಳೆದು ಸರ್ಜನ್ ಹೊರಗೆ ಬಂದು, ಗಂಟನ್ನು ಪೂರ್ತಿ ತೆಗೆದಿದ್ದೇವೆ, ಆದರೆ ಮತ್ತೆ ಬರುವುದಿಲ್ಲವೆಂದು ಮಾತು ಕೊಡಲಾರೆ ಎಂದರು. ಅವಳಿಗೆ ಅಷ್ಟು ಸಾಕಾಗಿತ್ತು. ಸಂಜೆ ಕಣ್ಣು ತೆರೆದವನು ಮೊದಲು ಕೇಳಿದ್ದು ಆಪರೇಷನ್ನಿನ ವಿಚಾರವಲ್ಲ.

"ಆ ಫಾರಂನಲ್ಲಿ ಕೊನೆಗೆ ಏನಂತ ಬರೆದ್ರು?"